ಏಳವ್ವ, ಮಂಡ್ಯ ಬಂತು
ಸುದ್ದಗುಂಟೆಪಾಳ್ಯದ ಆಫೀಸಿನಲ್ಲಿ ಎಲ್ಲರೂ ಕೇಳೋದು ಒಂದೇ: "ಇಲ್ಲೇ ಒಂದು ರೂಮ್ ಮಾಡಬಾರದಾ?" ಅಮ್ಮ ಮಂಡ್ಯದ ಮನೆ ಬಿಟ್ಟು ಬರಲ್ಲ, ಮೊನ್ನೆ ಬಚ್ಚಲಲ್ಲಿ ಜಾರಿ ಬಿದ್ದ ಮೇಲೂ. ಹಾಗಾಗಿ ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ 90 ಕಿ.ಮೀ. ಮೇಲೆ. ಆಮೇಲೆ ಹಸಿರು ಮೆಟ್ರೊ, ಆರ್.ವಿ. ರಸ್ತೆಯಲ್ಲಿ ಬದಲಿಸಿ ಹಳದಿ ಮಾರ್ಗ, ಜಯದೇವದಲ್ಲಿ ಇಳಿದು ನಡಿಗೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಗುವವರೆಗೂ ಬಸ್ಸಿನಲ್ಲೇ ಹೈರಾಣಾಗ್ತಿದ್ದೆ.

ಸಂಜೆ ರೈಲಲ್ಲಿ ಮದ್ದೂರು ವಡೆಯ ಕೂಗು, ಮೂವರ ಸೀಟಿನಲ್ಲಿ ನಾಲ್ವರು. ಪಾಸಿನವರ ಹೆಸರು ಗೊತ್ತಿಲ್ಲ. ಯಾರು ಎಲ್ಲಿ ಇಳೀತಾರೆ ಅನ್ನೋದು ಗೊತ್ತು. ಕಳೆದ ವಾರ ನಿದ್ದೆ ಹೋಗಿಬಿಟ್ಟಿದ್ದೆ. ಎದುರು ಸೀಟಿನ ಆಂಟಿ ತಟ್ಟಿ ಎಬ್ಬಿಸಿದ್ರು. "ಏಳವ್ವ, ಮಂಡ್ಯ ಬಂತು. ಅಮ್ಮ ಒಬ್ರೇ ಇರ್ತಾರೆ ಅಂದಿದ್ಯಲ್ಲ?"

ಯಾವತ್ತು ಅಂದಿದ್ದೆನೋ, ನನಗೇ ನೆನಪಿರಲಿಲ್ಲ.