ಅರ್ಜಿಗೆ ಬೇಕಾಗಿದ್ದ ಪದ

ಈ ಸಲ ಭತ್ತದ ಮೂಟೆ ಇಳಿಸುವಾಗ ಅಬ್ಬಾ ಅವರ ಕಾಲು ಮುರಿಯಿತು. ಅಮ್ಮಿ ಅವರ ಜೊತೆ ಬಳ್ಳಾರಿಯ ಆಸ್ಪತ್ರೆಯಲ್ಲಿ ಉಳಿದರು. ರಾರಾವಿಯ ಮನೆಯಲ್ಲಿ ಇಬ್ಬರು ತಮ್ಮಂದಿರು, ಒಂದು ಎಮ್ಮೆ, ಆಪಾ ಮತ್ತು ನಾನು. ಆಪಾ ಹೊಲಿಗೆ ಯಂತ್ರ ನಿಲ್ಲಿಸಿದರೆ ದುಡ್ಡಿಲ್ಲ. ಹಾಗಾಗಿ ಒಲೆ, ಎಮ್ಮೆ ಎರಡೂ ನನ್ನ ಪಾಲಿಗೆ ಬಂದವು. ಐದು ವಾರ ನಾನು ಬಸ್ಸು ಹತ್ತಲಿಲ್ಲ. ತಿರುಗಿ ಬಂದಾಗ, ಪ್ರಾಂಶುಪಾಲರಿಗೆ ಇಂಗ್ಲಿಷಿನಲ್ಲಿ ಒಂದು ಅರ್ಜಿ ಕೊಡು ಎಂದರು.

'ಐ ವಾಂಟ್ ಟು ಕೀಪ್ ಆನ್ ಮೈ ಸ್ಟಡೀಸ್' ಎಂದು ಬರೆದೆ. ಇಂಗ್ಲಿಷ್ ಮೇಡಂ ಓದಿ, "ಕೀಪ್ ಆನ್ ಆದಮೇಲೆ ಐಎನ್‌ಜಿ ಇರುವ ಕ್ರಿಯಾಪದ ಬರಬೇಕಮ್ಮ. ಅದೂ ಅಲ್ಲದೆ ಅದರಲ್ಲಿ ಸ್ವಲ್ಪ ಹಟ ಇದೆ" ಎಂದರು. ಹಟ ಎಂದ ಕೂಡಲೇ ನನಗೆ ಗೊತ್ತಾಯಿತು. ಮನೆಯಲ್ಲಿ ಚಿಕ್ಕ ತಮ್ಮನನ್ನು 'ಬೋಲ್ತಾಚ್ ರಹ್ತಾ' ಎಂದು ಬೈಯುತ್ತೇವೆ. ಆ 'ಚ್' ಬಂತೆಂದರೆ ಕೇಳುವವರಿಗೆ ಸಾಕಾಗಿದೆ ಎಂದರ್ಥ. ಕನ್ನಡದ 'ಮಾತಾಡುತ್ತಲೇ ಇರ್ತಾನೆ' ಅನ್ನುವುದರಲ್ಲಿ 'ಲೇ' ಮಾಡುವುದೂ ಅದೇ ಕೆಲಸ.

ಹಾಗಾದರೆ ಕ್ಯಾರಿ ಆನ್? ಅದು ನಮ್ಮ ಕಾಮರ್ಸ್‌ನವರಿಗೆ ಪರಿಚಯದ ಪದ. 1932ರ ಪಾಲುದಾರಿಕೆ ಕಾಯ್ದೆಯ 4ನೇ ಕಲಮಿನಲ್ಲಿ ವ್ಯಾಪಾರವನ್ನು 'ಕ್ಯಾರಿ ಆನ್' ಮಾಡುವ ಮಾತೇ ಇದೆ. ಮೇಡಂ ತಪ್ಪೇನಿಲ್ಲ ಎಂದರು, ಆದರೆ ಅರ್ಜಿಗೆ ಕಂಟಿನ್ಯೂ ಹೆಚ್ಚು ಮರ್ಯಾದೆಯದಂತೆ. ಗೋ ಆನ್ ಬಗ್ಗೆ ಹೇಳಿದ್ದು ಮಾತ್ರ ನನಗೆ ತುಂಬಾ ಹಿಡಿಸಿತು. 'ಗೋ ಆನ್ ಸ್ಟಡಿಯಿಂಗ್' ಅಂದರೆ ಓದುತ್ತಿದ್ದವರು ಓದುತ್ತಾ ಹೋಗುವುದು. 'ಗೋ ಆನ್ ಟು ಸ್ಟಡಿ' ಅಂದರೆ ಒಂದು ಮುಗಿಸಿ ಮುಂದಿನದಕ್ಕೆ ಹೋಗುವುದು, ಪಿಯುಸಿ ಆಗಿ ಬಿ.ಕಾಂ.ಗೆ ಹೋದಂತೆ. ಒಂದು ಚಿಕ್ಕ 'ಟು' ಇಷ್ಟು ದೂರ ಕರೆದೊಯ್ಯುತ್ತದೆ.

ಕೊನೆಗೆ ಮೇಡಂ, "ಈ ಐದು ವಾರ ಪುಸ್ತಕ ತೆಗೆದಿದ್ದೆಯಾ?" ಎಂದು ಕೇಳಿದರು. ಇಲ್ಲ ಎಂದೆ. "ಹಾಗಾದರೆ ಕಂಟಿನ್ಯೂ ಕೂಡ ಬೇಡ, ರಿಸ್ಯೂಮ್ ಅಂತ ಬರಿ. ನಡುವೆ ನಿಂತದ್ದನ್ನು ಮತ್ತೆ ಶುರು ಮಾಡುವುದು." (ಕೆಲಸಕ್ಕೆ ಕೊಡುವ ರೆಸ್ಯೂಮೆಯ ಸ್ಪೆಲ್ಲಿಂಗೂ ಅದೇ ಎಂದು ತಿಳಿದು ನಗು ಬಂತು.) ನನಗೆ ಲೆಡ್ಜರ್ ನೆನಪಾಯಿತು. ಮಾರ್ಚ್ 31ಕ್ಕೆ ಬ್ಯಾಲೆನ್ಸ್ ಸಿ/ಡಿ ಬರೆದು ಗೆರೆ ಎಳೆಯುತ್ತೇವೆ, ಏಪ್ರಿಲ್ 1ಕ್ಕೆ ಅದೇ ಮೊತ್ತ ಬಿ/ಡಿ ಆಗಿ ಕೆಳಗೆ ಬಂದು ಕೂರುತ್ತದೆ.

ಸಂಜೆ ಅರ್ಜಿಯ ನಕಲನ್ನು ಆಪಾಗೆ ಓದಿ ಹೇಳಿದೆ. ಆಪಾ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್. ಆಮೇಲೆ ಆರು ವರ್ಷದಿಂದ ಆ ಯಂತ್ರದ ಮುಂದೆ. ಹಲ್ಲಿನಿಂದ ದಾರ ಕಡಿದು ಕೇಳಿದಳು: "ಈ ರಿಸ್ಯೂಮ್ ಐದು ವಾರ ಬಿಟ್ಟವರಿಗೆ ಮಾತ್ರಾನಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರನೆಯ ದಿನ ಮೇಡಂ ಅವರನ್ನು ಕೇಳಿದೆ. ಆ ಪದಕ್ಕೆ ಅವಧಿ ಇಲ್ಲ ಎಂದರು. ಎಸ್ಸೆಸ್ಸೆಲ್ಸಿ ಪಾಸಾದವರು ಖಾಸಗಿ ಅಭ್ಯರ್ಥಿಯಾಗಿ ಪಿಯುಸಿ ಪರೀಕ್ಷೆ ಕಟ್ಟಬಹುದು ಎಂದೂ ಹೇಳಿದರು. ಮನೆಗೆ ಬಂದು ತಿಳಿಸಿದೆ. ಆಪಾ ತಲೆ ಎತ್ತಲಿಲ್ಲ, ಯಂತ್ರದ ಪೆಡಲ್ ಮಾತ್ರ ನಿಂತಿತು.

"ಫೀಸ್ ಎಷ್ಟು ಅಂತ ಕೇಳಿಕೊಂಡು ಬಾ. ಅಬ್ಬಾಗೆ ಈಗಲೇ ಹೇಳಬೇಡ."

ನಾಳೆ ಆಫೀಸಿನಲ್ಲಿ ಕೇಳಬೇಕು.