ನಿಷೇಧದ ಆಚೆ: ಚಂದ್ರಗುತ್ತಿಯ ಹುಡುಗಿಯರೂ ಮದರ್ ವೆರೋನಿಕಾ ಅವರ ಕೆಲಸವೂ

ನಮ್ಮ ಸೊರಬ ಸೀಮೆಯ ಚಂದ್ರಗುತ್ತಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು 1986ರ ಮಾರ್ಚ್ ತಿಂಗಳು. ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ರೇಣುಕಾಂಬೆಯ ಗುಡಿಗೆ ನಡೆಯುವ ಹರಕೆಯನ್ನು ತಡೆಯಲು ಬಂದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಗುಂಪು ಮುಗಿಬಿತ್ತು. ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಆ ನಿಷೇಧ ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೊರಬ ಸೀಮೆಯಲ್ಲಿ ನಮ್ಮ ಕಣ್ಣೆದುರೇ ಆದ ಬದಲಾವಣೆಯನ್ನೆಲ್ಲ ಪೊಲೀಸ್ ಬಂದೋಬಸ್ತಿನ ಲೆಕ್ಕಕ್ಕೆ ಬರೆದರೆ ತಪ್ಪಾಗುತ್ತದೆ. ಕಾನೂನು ಒಂದು ಕೆಟ್ಟ ಪದ್ಧತಿಯನ್ನು ನಿಲ್ಲಿಸಬಲ್ಲದು. ಏಳನೇ ಕ್ಲಾಸಿಗೆ ಓದು ಬಿಟ್ಟು ಗದ್ದೆ ನಾಟಿಗೋ ಮದುವೆಗೋ ಹೊರಟ ಹುಡುಗಿಯನ್ನು ಮತ್ತೆ ಬೆಂಚಿನ ಮೇಲೆ ಕೂರಿಸಲಾರದು. ಅದಕ್ಕೆ ಅವಳ ಬೆನ್ನಿಗೆ ನಿಲ್ಲುವ ಒಬ್ಬ ಹೆಂಗಸು ಬೇಕು.

ಈ ಮಾತಿಗೆ ನಮ್ಮ ರಾಜ್ಯದಲ್ಲೇ ಇರುವ ಹಳೆಯ ಸಾಕ್ಷಿ ಕರಾವಳಿಯಲ್ಲಿದೆ. ಕಾನ್‌ಸ್ಟಾಂಟಿನೋಪಲ್‌ನಲ್ಲಿ 1823ರಲ್ಲಿ ಆಂಗ್ಲಿಕನ್ ಪಾದ್ರಿಯ ಮಗಳಾಗಿ ಹುಟ್ಟಿದ ಸೋಫಿ ಲೀವ್ಸ್ ಕ್ಯಾಥೊಲಿಕ್ ಸನ್ಯಾಸಿನಿಯಾಗಿ ಮದರ್ ವೆರೋನಿಕಾ ಆದರು. ಕಲ್ಲಿಕೋಟೆಯಲ್ಲಿ ಕೆಲಸ ಮಾಡಿದ ಅವರಿಗೆ ಮಲಬಾರ್ ಮತ್ತು ಕೆನರಾ ಕರಾವಳಿಯ ಹೆಣ್ಣುಮಕ್ಕಳ ಸ್ಥಿತಿ ಗೊತ್ತಿತ್ತು. 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಅವರು ಕಟ್ಟಿದ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದಿಳಿದರು. ಅವರು ಬರೀ ಶಾಲೆ ತೆರೆದು ಸುಮ್ಮನಾಗಲಿಲ್ಲ, ಶಿಕ್ಷಕಿಯರನ್ನು ತಯಾರು ಮಾಡಲು ಹೊರಟರು. ಹೆಣ್ಣುಮಗಳಿಗೆ ಕಲಿಸುವವಳೂ ಹೆಣ್ಣಾದರೆ ಮನೆಯವರು ಹಿಂಜರಿಯುವುದಿಲ್ಲ. ಕಲಿತವಳು ಇನ್ನೊಂದು ಊರಿನಲ್ಲಿ ಕಲಿಸುತ್ತಾಳೆ. ಅದೇ ಸಭೆಯ ಮದರ್ ಅಲೋಶಿಯಾ 1921ರಲ್ಲಿ ಮಂಗಳೂರಿನಲ್ಲಿ ಸಂತ ಆಗ್ನೆಸ್ ಕಾಲೇಜು ಆರಂಭಿಸಿದಾಗ ಆ ಸರಪಳಿ ಪದವಿಯವರೆಗೆ ಬಂದು ಮುಟ್ಟಿತು.

ಮಿಷನರಿಗಳ ಉದ್ದೇಶ ಮತಪ್ರಚಾರವಲ್ಲವೇ ಎಂದು ಕೇಳುವವರಿದ್ದಾರೆ. ಆ ಭಗಿನಿಯರನ್ನು ಮಂಗಳೂರಿಗೆ ಕರೆತಂದದ್ದು ಅವರ ಧರ್ಮಶ್ರದ್ಧೆಯೇ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಆ ತರಗತಿಗಳಲ್ಲಿ ಎಲ್ಲ ಮತದ ಹುಡುಗಿಯರೂ ಕೂತರು, ತಮ್ಮ ದೇವರನ್ನು ಬಿಡದೆಯೇ ಶಿಕ್ಷಕಿಯರೂ ವೈದ್ಯೆಯರೂ ಆದರು. ಅದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಇದೆಲ್ಲ ಪೇಟೆಯ ಅನುಕೂಲಸ್ಥರ ಕಥೆ, ಚಂದ್ರಗುತ್ತಿಯಂಥ ಹಳ್ಳಿಗೆ ಬಂದದ್ದು ಸರ್ಕಾರವೇ ಹೊರತು ಕಾನ್ವೆಂಟ್ ಅಲ್ಲ ಎಂಬುದು. ಇದು ಬಹುಪಾಲು ನಿಜ. ಬಿಸಿಯೂಟ, ಹಿಂದೆ ಎಂಟನೇ ಕ್ಲಾಸಿನಲ್ಲಿ ಸಿಗುತ್ತಿದ್ದ ಸೈಕಲ್, 2023ರಿಂದ ಶಕ್ತಿ ಯೋಜನೆಯ ಉಚಿತ ಬಸ್ಸು, ಇವೇ ಈ ಭಾಗದ ಹುಡುಗಿಯರನ್ನು ಸೊರಬ, ಸಿದ್ದಾಪುರದ ಕಾಲೇಜುಗಳಿಗೆ ತಲುಪಿಸಿದ್ದು. ಬೆಳಗಿನ ಬಸ್ಸಿನಲ್ಲಿ ಬ್ಯಾಗು ಹೊತ್ತ ಹುಡುಗಿಯರೇ ತುಂಬಿರುವುದನ್ನು ನೋಡಿದರೆ ಇಲ್ಲಿನ ಹಳಬರಿಗೆ ಹಿಗ್ಗಾಗದೆ ಇರುವುದಿಲ್ಲ. ಆದರೂ ಬಸ್ಸು ಕಾಲೇಜಿನ ಗೇಟಿನವರೆಗೆ ಮಾತ್ರ ಒಯ್ಯುತ್ತದೆ. ಪಿಯುಸಿಯಲ್ಲಿ ಯಾವ ವಿಷಯ ತೆಗೆದುಕೊಳ್ಳಬೇಕು, ಫೇಲಾದರೆ ಏನು ಮಾಡಬೇಕು, ಮನೆಯಲ್ಲಿ ಗಂಡು ಗೊತ್ತು ಮಾಡಿದಾಗ ಅಪ್ಪನ ಹತ್ತಿರ ಯಾರು ಮಾತಾಡಬೇಕು? ಕಾನ್ವೆಂಟಿನ ಭಗಿನಿಯರು ಹಾಸ್ಟೆಲಿನಲ್ಲೇ ವಾಸವಿದ್ದು ಇಡೀ ಆಯುಷ್ಯ ಕೊಟ್ಟದ್ದು ಇಂಥ ಪ್ರಶ್ನೆಗಳಿಗೆ. ಸನ್ಯಾಸವಿಲ್ಲದೆಯೂ ಆ ಕೆಲಸ ಸಾಧ್ಯ: ವಸತಿ ಶಾಲೆಗಳಲ್ಲಿ, ಬಾಲಕಿಯರ ಹಾಸ್ಟೆಲುಗಳಲ್ಲಿ ವಾರ್ಡನ್ ಹುದ್ದೆಯನ್ನು ಊಟ-ಹಾಜರಿಯ ಲೆಕ್ಕಕ್ಕೆ ಸೀಮಿತಗೊಳಿಸದೆ, ಅಲ್ಲೇ ಉಳಿದು ಹುಡುಗಿಯರ ಮಾತು ಕೇಳಬಲ್ಲ ಶಿಕ್ಷಕಿಗೆ ಒಳ್ಳೆಯ ಸಂಬಳದೊಂದಿಗೆ ಖಾಯಂ ಆಗಿ ಕೊಡಬೇಕು.