ಆದೇಶ ಕೈಗೆ ಬಂದ ಮೇಲೆ

ಮಗಳಿಗೆ ತಿಂಗಳಿಗೆ 5,000 ರೂಪಾಯಿ ಜೀವನಾಂಶ ಕೊಡಬೇಕೆಂದು ಕೌಟುಂಬಿಕ ನ್ಯಾಯಾಲಯ 2021ರಲ್ಲಿ ಅವಳ ಅಪ್ಪನಿಗೆ ಆದೇಶ ಮಾಡಿತು. ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಿಡಿಯಬೇಕೆಂದು ಸುಪ್ರೀಂ ಕೋರ್ಟ್ ಅದರ ಹಿಂದಿನ ವರ್ಷವಷ್ಟೇ ರಜನೀಶ್–ನೇಹಾ ಪ್ರಕರಣದಲ್ಲಿ ಹೇಳಿತ್ತು. ಹಾಗಾಗಿ ಹಳೆಯ ತಿಂಗಳುಗಳೂ ಸೇರಿದವು. ಆದರೆ ಅವಳ ಅಪ್ಪ ಒಂದು ರೂಪಾಯಿಯನ್ನೂ ಕಟ್ಟಲಿಲ್ಲ.

ಬಾಕಿ ವಸೂಲಿಗೆ ಮತ್ತೆ ಅರ್ಜಿ ಹಾಕಬೇಕು ಎಂದು ನಮ್ಮ ವಕೀಲರು ಹೇಳಿದರು. "ತಡ ಮಾಡಬೇಡಮ್ಮ, ಬಾಕಿ ಬಿದ್ದು ವರ್ಷ ದಾಟಿದರೆ ಆ ತಿಂಗಳ ದುಡ್ಡಿಗೆ ವಾರಂಟ್ ಸಿಗಲ್ಲ." ಆಗ ಈ ನಿಯಮ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಕಲಂನಲ್ಲಿತ್ತು. 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ರಲ್ಲಿದೆ. ಈ ಒಂದು ವರ್ಷದ ಮಿತಿ ಗೊತ್ತಿಲ್ಲದೆ, "ಇವತ್ತಲ್ಲ ನಾಳೆ ಕೊಡ್ತಾರೆ" ಎಂದು ಕಾದು ಕೂತ ಹೆಂಗಸರನ್ನು ಕೋರ್ಟಿನ ಜಗಲಿಯಲ್ಲೇ ಕಂಡಿದ್ದೇನೆ. ಅವರನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮೊದಲು ಹೊರಟಿದ್ದು ಎಫ್‌ಎಲ್‌ಡಬ್ಲ್ಯು, ದಂಡದ ಹಾಗೆ ಹಣ ವಸೂಲು ಮಾಡುವ ವಾರಂಟ್. ಅದು ವಾಪಸು ಬಂತು. ಹಿಂಬದಿಯಲ್ಲಿ ನೀಲಿ ಶಾಯಿಯ ಷರಾ: "ಸದರಿ ಆಸಾಮಿ ವಿಳಾಸದಲ್ಲಿ ವಾಸವಿರುವುದಿಲ್ಲ." ಅದೇ ವಿಳಾಸದ ಮನೆ ಮುಂದೆ ಅವರ ಗೂಡ್ಸ್ ಗಾಡಿ ನಿಂತಿರುವುದನ್ನು ಹಿಂದಿನ ಭಾನುವಾರ ನಾನೇ ನೋಡಿದ್ದೆ. ಗಾಡಿ ಅವರ ಅಣ್ಣನ ಹೆಸರಿನಲ್ಲಿತ್ತು. ಇವರ ಹೆಸರಿನಲ್ಲಿ ಜಪ್ತಿ ಮಾಡಲು ಏನೂ ಇರಲಿಲ್ಲ. ಸರ್ಕಾರಿ ಕೆಲಸವೋ ಕಂಪನಿ ಕೆಲಸವೋ ಇದ್ದಿದ್ದರೆ ಸಂಬಳದಲ್ಲೇ ಹಿಡಿಸಬಹುದಿತ್ತು. ಸ್ವಂತ ದುಡಿಮೆಯವರ ಮುಂದೆ ಆ ದಾರಿಯೂ ಇಲ್ಲ.

ಆಮೇಲೆ ದಸ್ತಗಿರಿ ವಾರಂಟ್. ಆಳನ್ನು ನಾವೇ ತೋರಿಸಬೇಕು. ಹೊಲಿಯುವ ಬ್ಲೌಸುಗಳನ್ನು ಅರ್ಧಕ್ಕೇ ಬಿಟ್ಟು, ಮಗಳನ್ನು ಪಕ್ಕದ ಮನೆಯಲ್ಲಿ ಕೂರಿಸಿ, ಬೆಳಗಿನ ಜಾವ ಪೇದೆಯ ಜೊತೆ ಹೋದೆ. ಅತ್ತೆ ಬಾಗಿಲಿಗೆ ಬಂದು, "ಗಂಡನ್ನ ಜೈಲಿಗೆ ಹಾಕ್ಸಿ ನಿಂಗೇನು ಸಿಗುತ್ತೆ ತಾಯಿ?" ಎಂದು ಬೀದಿಗೆಲ್ಲ ಕೇಳುವಂತೆ ಅತ್ತರು. "ಮೊಮ್ಮಗಳ ಸ್ಕೂಲ್ ಫೀಸು ಅತ್ತೆ," ಎಂದೆ. ಬೇರೆ ಮಾತು ಬರಲಿಲ್ಲ.

ಅವರನ್ನು ಕೋರ್ಟಿಗೆ ಹಾಜರುಪಡಿಸಿದಾಗ ನ್ಯಾಯಾಧೀಶರು ಕಟ್ಟುತ್ತೀರಾ ಎಂದು ಕೇಳಿದರು. "ಕೆಲಸ ಇಲ್ಲ ಸ್ವಾಮಿ" ಎಂದರು. ಹಣ ಕಟ್ಟುವವರೆಗೆ, ಹೆಚ್ಚೆಂದರೆ ಒಂದು ತಿಂಗಳು ಜೈಲು ಎಂದು ಆದೇಶವಾಯಿತು. ವಾರ ತುಂಬುವ ಮುಂಚೆ ಭಾವ ಬಂದು ಬಾಕಿಯ ಬಹುಪಾಲನ್ನು ಕೋರ್ಟಿನಲ್ಲಿ ಠೇವಣಿ ಇಟ್ಟರು. ಇಲ್ಲದ ದುಡ್ಡು ಅಷ್ಟು ಬೇಗ ಎಲ್ಲಿಂದ ಬಂತು?

ಉಳಿದದ್ದು ಜೈಲಿನಲ್ಲೇ ತೀರಿತು ಎಂದು ಅವರ ಕಡೆಯವರು ವಾದಿಸಿದರು. ತೀರುವುದಿಲ್ಲ. ಜೈಲು ಹಣ ಕಟ್ಟಿಸುವ ದಾರಿಯೇ ಹೊರತು ಸಾಲ ತೀರಿಸುವ ದಾರಿಯಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಕುಲದೀಪ್ ಕೌರ್ ಪ್ರಕರಣದಲ್ಲಿ ಹೇಳಿದೆ. ವಕೀಲರು ಆ ತೀರ್ಪಿನ ಪ್ರತಿಯನ್ನು ಕೋರ್ಟಿಗೆ ಕೊಟ್ಟರು, ನಮ್ಮ ಮಾತು ನಿಂತಿತು.

ಆ ದುಡ್ಡಿನಲ್ಲಿ ಮಗಳ ಫೀಸು, ಮನೆ ಬಾಡಿಗೆಯ ಬಾಕಿ ಕಟ್ಟಿದೆ. ಕೆಲವು ತಿಂಗಳು ಸರಿಯಾಗಿ ಬಂತು, ಮತ್ತೆ ನಿಂತಿದೆ. ವರ್ಷ ತುಂಬುವ ಮೊದಲೇ ಹೊಸ ಅರ್ಜಿ ಹಾಕಿದ್ದೇನೆ. ಮುಂದಿನ ತಿಂಗಳು ವಾಯಿದೆ ಇದೆ.